ಎಂಎಸ್ ಆಫೀಸ್ ಬದಲು ಲಿಬ್ರೆಆಫೀಸ್ ಬಳಸಿ ನೋಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ತಾಲ್ಲೂಕು ಕಚೇರಿ ರಸ್ತೆಯಲ್ಲಿರುವ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಬೆಳಗ್ಗೆಯಿಂದ ಸಂಜೆವರೆಗೆ ಅರ್ಜಿ, ಬಾಡಿಗೆ ಕರಾರು, ಬಯೋಡೇಟಾ, ಸಂಘದ ಲೆಕ್ಕಪತ್ರ, ಜಾತ್ರೆಯ ಕರಪತ್ರ, ಇದೇ ಕೆಲಸ. ಎಂಟು ವರ್ಷದಿಂದ ಇದನ್ನೆಲ್ಲ ಲಿಬ್ರೆಆಫೀಸಿನಲ್ಲೇ ಮಾಡುತ್ತಿದ್ದೇವೆ. ಪರದೆ ನೋಡಿದವರು "ಇದು ವರ್ಡ್ ಅಲ್ವಲ್ಲ, ಏನಿದು?" ಅಂತ ಶುರು ಮಾಡುತ್ತಾರೆ. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಅವುಗಳಲ್ಲಿ ಮತ್ತೆ ಮತ್ತೆ ಬರುವುದನ್ನು, ನಾವು ಕೊಡುವ ಉತ್ತರದ ಜೊತೆ, ಇಲ್ಲಿ ಬರೆದಿದ್ದೇನೆ.

ಲಿಬ್ರೆಆಫೀಸ್ ಅಂದ್ರೆ ಏನು?

ಕಂಪ್ಯೂಟರಿನಲ್ಲಿ ಪತ್ರ ಬರೆಯೋಕೆ, ಲೆಕ್ಕ ಹಾಕೋಕೆ, ಸ್ಲೈಡ್ ಮಾಡೋಕೆ ಬೇಕಾದ ಸಾಫ್ಟ್‌ವೇರುಗಳ ಒಂದು ಕಟ್ಟು. ವರ್ಡ್ ಜಾಗದಲ್ಲಿ ರೈಟರ್, ಎಕ್ಸೆಲ್ ಜಾಗದಲ್ಲಿ ಕ್ಯಾಲ್ಕ್, ಪವರ್‌ಪಾಯಿಂಟ್ ಜಾಗದಲ್ಲಿ ಇಂಪ್ರೆಸ್. ಇವು ಮೂರೇ ಮುಖ್ಯ. ಚಿತ್ರ, ನಕ್ಷೆ ಬಿಡಿಸಲು ಡ್ರಾ ಇದೆ, ಡೇಟಾಬೇಸ್‌ಗೆ ಬೇಸ್ ಇದೆ, ಗಣಿತದ ಸೂತ್ರ ಬರೆಯಲು ಮ್ಯಾತ್ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಂಟರ್ನೆಟ್ ಬೇಡ, ಲಾಗಿನ್ ಬೇಡ, ಇಮೇಲ್ ಕೊಟ್ಟು ಖಾತೆ ತೆರೆಯುವುದೂ ಬೇಡ.

ನಿಜವಾಗ್ಲೂ ಫ್ರೀನಾ? ಒಂದು ತಿಂಗಳಾದ ಮೇಲೆ ದುಡ್ಡು ಕೇಳಲ್ವಾ?

ಕೇಳುವುದಿಲ್ಲ. ಅವಧಿ ಮುಗಿಯುವುದು, ಬೀಗ ಬೀಳುವುದು ಯಾವುದೂ ಇಲ್ಲ. ಮನೆಗೆ, ಅಂಗಡಿಗೆ, ಶಾಲೆಗೆ, ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಿಕೊಳ್ಳಬಹುದು. ವ್ಯಾಪಾರಕ್ಕೆ ಬಳಸಿದರೂ ತೊಂದರೆ ಇಲ್ಲ.

ಇಂಗ್ಲಿಷಿನಲ್ಲಿ ಫ್ರೀ ಅನ್ನೋ ಒಂದೇ ಮಾತಿಗೆ ಎರಡು ಅರ್ಥ. ನಮ್ಮಲ್ಲಿ ಪುಕ್ಕಟೆ ಬೇರೆ, ಮುಕ್ತ ಬೇರೆ. ಲಿಬ್ರೆಆಫೀಸ್ ಎರಡೂ ಹೌದು. ಅದರ ಸೋರ್ಸ್ ಕೋಡ್, ಅಂದರೆ ಸಾಫ್ಟ್‌ವೇರ್ ಬರೆದ ಮೂಲ ಸಾಲುಗಳು, ಎಲ್ಲರಿಗೂ ತೆರೆದಿದೆ. ಬೇಕಾದವರು ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಪೆನ್‌ಡ್ರೈವಿನಲ್ಲಿ ಹಾಕಿ ಪಕ್ಕದ ಮನೆಯವರಿಗೆ ಕೊಟ್ಟರೆ ಕಾನೂನಿನ ಪ್ರಕಾರವೇ ಸರಿ. ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬೀಗ ಮುರಿದ ಆಫೀಸ್ ಬಳಸಿ ಅಭ್ಯಾಸವಾದವರಿಗೆ ಈ ನೆಮ್ಮದಿ ಎಷ್ಟು ದೊಡ್ಡದು ಅಂತ ಗೊತ್ತಾಗಲು ಸ್ವಲ್ಪ ದಿನ ಬೇಕು. ನಮ್ಮ ಅಂಗಡಿಯಲ್ಲೂ ಮೊದಲು ಅದೇ ಇತ್ತು. ಆ ಕ್ರ್ಯಾಕ್ ಫೈಲಿನ ಜೊತೆಗೇ ವೈರಸ್ ಬಂದು, ಗಿರಾಕಿಗಳ ಪೆನ್‌ಡ್ರೈವಿಗೂ ಹರಡಿತು. ಅವತ್ತೇ ತೀರ್ಮಾನ ಮಾಡಿದೆವು.

ಒಂದು ಎಚ್ಚರ: ಲಿಬ್ರೆಆಫೀಸ್ ಡಾಟ್ ಆರ್ಗ್ ತಾಣದಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ. ಮೈಕ್ರೋಸಾಫ್ಟ್ ಸ್ಟೋರ್, ಆಪಲ್ ಸ್ಟೋರ್‌ಗಳಲ್ಲಿ ಸಿಗುವ ಪ್ರತಿಗೆ ಸ್ವಲ್ಪ ಬೆಲೆ ಇದೆ. ಅದು ಮೋಸ ಅಲ್ಲ, ಆದರೆ ತಾಣದಿಂದ ನೇರವಾಗಿ ತಗೊಂಡರೆ ಏನೂ ಕೊಡಬೇಕಾಗಿಲ್ಲ.

ಇದನ್ನ ಯಾರು ಮಾಡಿದ್ದು? ನಾಳೆ ನಿಂತುಹೋದ್ರೆ?

ಇದರ ಬೇರು ಜರ್ಮನಿಯಲ್ಲಿದೆ. ಸ್ಟಾರ್‌ಡಿವಿಷನ್ ಅನ್ನೋ ಕಂಪನಿ ಸ್ಟಾರ್‌ಆಫೀಸ್ ಅಂತ ಮಾಡಿತ್ತು. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ಕೊಂಡುಕೊಂಡು, 2000ದಲ್ಲಿ ಕೋಡ್ ಅನ್ನು ಎಲ್ಲರಿಗೂ ತೆರೆದಿಟ್ಟಿತು. ಅದೇ ಓಪನ್‌ಆಫೀಸ್. 2010ರಲ್ಲಿ ಸನ್ ಕಂಪನಿ ಒರಾಕಲ್ ಕೈಗೆ ಹೋಯಿತು. ಮುಂದೇನಾಗುತ್ತೋ ಅನ್ನೋ ಆತಂಕದಲ್ಲಿ ಅದನ್ನು ಕಟ್ಟುತ್ತಿದ್ದವರಲ್ಲಿ ಬಹಳ ಜನ ಹೊರಬಂದು, ಅದೇ ವರ್ಷ ಸೆಪ್ಟೆಂಬರ್ 28ರಂದು ದಿ ಡಾಕ್ಯುಮೆಂಟ್ ಫೌಂಡೇಶನ್ ಅನ್ನೋ ಸಂಸ್ಥೆ ಘೋಷಿಸಿದರು. 2011ರ ಜನವರಿಯಲ್ಲಿ ಲಿಬ್ರೆಆಫೀಸಿನ ಮೊದಲ ಸ್ಥಿರ ಆವೃತ್ತಿ ಬಂತು.

ನಿಂತುಹೋದರೆ ಅನ್ನೋ ಪ್ರಶ್ನೆಗೆ ಈ ಕತೆಯಲ್ಲೇ ಉತ್ತರ ಇದೆ. ಮಾಲೀಕ ಕಂಪನಿ ಎರಡು ಸಲ ಬದಲಾದರೂ ಕೆಲಸ ಬದುಕಿ ಉಳಿಯಿತು. ಕೋಡ್ ಎಲ್ಲರ ಕೈಯಲ್ಲಿ ಇದ್ದದ್ದೇ ಕಾರಣ. ಈಗ ಸ್ವಯಂಸೇವಕರು, ಇದರ ಮೇಲೆ ಸೇವೆ ಮಾರುವ ಕಂಪನಿಗಳು, ಜನರ ದೇಣಿಗೆ, ಇವುಗಳಿಂದ ನಡೆಯುತ್ತಿದೆ. ವರ್ಷಕ್ಕೆ ಎರಡು ದೊಡ್ಡ ಆವೃತ್ತಿ ಬರುತ್ತವೆ, ಫೆಬ್ರವರಿ ಮತ್ತು ಆಗಸ್ಟ್ ಹೊತ್ತಿಗೆ. 2024ರಿಂದ ಆವೃತ್ತಿಯ ಸಂಖ್ಯೆಯಲ್ಲೇ ವರ್ಷ, ತಿಂಗಳು ಇರುತ್ತದೆ. 24.8 ಅಂದರೆ 2024ರ ಆಗಸ್ಟ್.

ಓಪನ್‌ಆಫೀಸ್ ಈಗಲೂ ಇದೆಯಲ್ಲ, ಅದನ್ನೇ ಹಾಕ್ಕೊಳ್ಲಾ?

ಬೇಡ. ಒರಾಕಲ್ ಅದನ್ನು 2011ರಲ್ಲಿ ಅಪಾಚೆ ಫೌಂಡೇಶನ್‌ಗೆ ಕೊಟ್ಟಿತು. ಹೆಸರು ಇದೆ, ಆದರೆ ಕೆಲಸ ಬಹಳ ನಿಧಾನ. ಡಾಕ್‌ಎಕ್ಸ್ ಫೈಲ್, ಅಂದರೆ ವರ್ಡ್‌ನ ಈಗಿನ ಫೈಲ್, ತೆರೆಯುತ್ತದೆ, ಡಾಕ್‌ಎಕ್ಸ್ ಆಗಿ ಉಳಿಸಲು ಬರುವುದಿಲ್ಲ. ನಮ್ಮಂಥವರಿಗೆ ಅಷ್ಟು ಸಾಕು ಬೇಡ ಅನ್ನೋಕೆ.

ನನ್ನ ಕಂಪ್ಯೂಟರ್ ಹಳೇದು. ನಡೆಯುತ್ತಾ?

ವಿಂಡೋಸ್ 10 ಅಥವಾ 11 ಇದ್ದರೆ ನಡೆಯುತ್ತದೆ. ಇಳಿಸಿಕೊಳ್ಳುವ ಫೈಲ್ ಸುಮಾರು 350 ಎಂಬಿ. ನಮ್ಮ ಅಂಗಡಿಯ ಒಂದು ಕಂಪ್ಯೂಟರಿನಲ್ಲಿ 4 ಜಿಬಿ ರ‍್ಯಾಮ್ ಮಾತ್ರ ಇದೆ. ತೆರೆಯಲು ಒಂದೆರಡು ಕ್ಷಣ ಜಾಸ್ತಿ ತಗೊಳ್ಳುತ್ತದೆ ಬಿಟ್ಟರೆ ಕೆಲಸಕ್ಕೆ ಅಡ್ಡಿ ಇಲ್ಲ. ವಿಂಡೋಸ್ 7, 8 ಇರುವವರು ಗಮನಿಸಿ: 25.8ರಿಂದ ಮುಂದಿನ ಆವೃತ್ತಿಗಳು ಅವುಗಳಲ್ಲಿ ನಡೆಯುವುದಿಲ್ಲ. ಅಂಥ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸುವುದೇ ಒಳ್ಳೆಯದು. ಉಬುಂಟು, ಲಿನಕ್ಸ್ ಮಿಂಟ್ ಜೊತೆ ಸಾಮಾನ್ಯವಾಗಿ ಲಿಬ್ರೆಆಫೀಸ್ ಬಂದೇ ಬರುತ್ತದೆ.

ಹಾಕುವ ಮುಂಚೆ ಎಂಎಸ್ ಆಫೀಸ್ ತೆಗೆದುಬಿಡಬೇಕಾ?

ಖಂಡಿತ ಬೇಡ. ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರಬಹುದು. ಹೊಸದನ್ನು ಇನ್‌ಸ್ಟಾಲ್ ಮಾಡುವಾಗ ವರ್ಡ್, ಎಕ್ಸೆಲ್ ಫೈಲುಗಳನ್ನೂ ತಾನೇ ತೆರೆಯಲಾ ಅಂತ ಒಂದು ಹಂತದಲ್ಲಿ ಕೇಳಬಹುದು. ಸದ್ಯಕ್ಕೆ ಬೇಡ ಅನ್ನಿ. ಆಗ ಹಳೇ ಫೈಲ್ ಮೇಲೆ ಎರಡು ಸಲ ಒತ್ತಿದರೆ ಎಂದಿನಂತೆ ವರ್ಡ್ ತೆರೆಯುತ್ತದೆ. ಲಿಬ್ರೆಆಫೀಸಿನಲ್ಲಿ ನೋಡಬೇಕಾದಾಗ ಬಲಗಡೆ ಗುಂಡಿ ಒತ್ತಿ ಓಪನ್ ವಿತ್ ಆರಿಸಿ.

ಸುಮ್ನೆ ತೆರೆದು, ಖಾಲಿ ಹಾಳೆ ನೋಡಿ, "ಚೆನ್ನಾಗಿಲ್ಲ" ಅಂತ ಮುಚ್ಚಿಬಿಡುವವರು ಬಹಳ ಜನ. ಪ್ರಯೋಗ ಅಂದರೆ ಅದಲ್ಲ. ನೀವು ಕಳೆದ ತಿಂಗಳು ನಿಜವಾಗಿ ಬಳಸಿದ ಹತ್ತು ಫೈಲ್ ಆರಿಸಿ. ಒಂದು ಪತ್ರ, ಒಂದು ದೊಡ್ಡ ಟೇಬಲ್ ಇರುವ ಕಾಗದ, ಸಂಬಳದ ಲೆಕ್ಕ, ಫೋಟೋ ಇರುವ ಸ್ಲೈಡ್, ಹೀಗೆ. ಅವುಗಳ ನಕಲು ಮಾಡಿ ಬೇರೆ ಫೋಲ್ಡರಿಗೆ ಹಾಕಿ, ಒಂದೊಂದೇ ತೆರೆದು, ತಿದ್ದಿ, ಪ್ರಿಂಟ್ ತೆಗೆದು ನೋಡಿ. ಎಲ್ಲಿ ಕೆಟ್ಟಿತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಒಂದು ತಿಂಗಳು ಹೀಗೆ ಮಾಡಿದರೆ ನಿಮ್ಮ ಕೆಲಸಕ್ಕೆ ಆಗುತ್ತಾ ಇಲ್ವಾ ಅಂತ ನಿಮಗೇ ಗೊತ್ತಾಗುತ್ತದೆ. ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಕನ್ನಡ ಟೈಪ್ ಮಾಡೋದು ಹೇಗೆ? ನುಡಿ ಥರ ಕೀಲಿಮಣೆ ಇದೆಯಾ?

ಕೀಲಿಮಣೆ ಲಿಬ್ರೆಆಫೀಸಿನ ಒಳಗೆ ಇಲ್ಲ. ಅದು ಕಂಪ್ಯೂಟರಿನದ್ದು. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆ) ಕನ್ನಡ ಬರುವ ಯಾವ ವಿಧಾನವಾದರೂ ಇಲ್ಲಿ ನಡೆಯುತ್ತದೆ. ವಿಂಡೋಸ್‌ನಲ್ಲಿ ಲ್ಯಾಂಗ್ವೇಜ್ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಅನ್ನೋ ಕೀಲಿಮಣೆ ಸಿಗುತ್ತದೆ. ವಿಂಡೋಸ್ 10ರ 2019ರ ಆವೃತ್ತಿಯಿಂದ ಈಚೆಗೆ ಕನ್ನಡ ಫೊನೆಟಿಕ್ ಕೂಡ ಇದೆ. ಇಂಗ್ಲಿಷ್ ಅಕ್ಷರ ನೋಡಿಕೊಂಡು ಟೈಪ್ ಮಾಡುವವರಿಗೆ ಅದು ಸುಲಭ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸುವವರು ಅವುಗಳಲ್ಲೇ ಯುನಿಕೋಡ್ ಆಯ್ಕೆ ಮಾಡಿಕೊಂಡರೆ ಸಾಕು. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ನುಡಿ ಕೀಲಿಮಣೆಗೆ ನಿಮ್ಮ ಬೆರಳು ಪಳಗಿದ್ದರೆ ಅದನ್ನು ಬಿಡಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಐಬಸ್ ಮತ್ತು ಎಂ17ಎನ್ ಅನ್ನೋ ಟೈಪಿಂಗ್ ಸಾಧನಗಳನ್ನು ಹಾಕಿಕೊಂಡರೆ ಕೆಜಿಪಿ ಅನ್ನೋ ಹೆಸರಿನಲ್ಲಿ ಅದು ಸಿಗುತ್ತದೆ.

ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಕೂರುತ್ತಾ ಅಂತ ಕೇಳುತ್ತಾರೆ. ಕೂರುತ್ತದೆ. 2017ರಲ್ಲಿ ಬಂದ 5.3 ಆವೃತ್ತಿಯಿಂದ ಎಲ್ಲ ಕಂಪ್ಯೂಟರುಗಳಲ್ಲೂ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಅನ್ನೋ ಒಂದೇ ಎಂಜಿನ್ ಮಾಡುತ್ತದೆ. ಅದಕ್ಕೂ ಮುಂಚೆ ವಿಂಡೋಸ್‌ನಲ್ಲಿ ಒಂದು ಥರ, ಲಿನಕ್ಸ್‌ನಲ್ಲಿ ಒಂದು ಥರ ಕಾಣುತ್ತಿತ್ತು. ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಹಾಕಿಕೊಳ್ಳಿ. ಉಚಿತ, ಎಲ್ಲ ಕಡೆಯೂ ಸಿಗುತ್ತವೆ. ಕರಪತ್ರದ ತಲೆಬರಹಕ್ಕೆ ದಪ್ಪ ಅಕ್ಷರ ಬೇಕಾದರೆ ಬಾಲೂ ತಮ್ಮ ಬಹಳ ಚೆನ್ನಾಗಿದೆ.

ಫಾಂಟ್ ಸೈಜ್ 16 ಅಂತ ಕೊಟ್ಟರೂ ಕನ್ನಡ ಅಕ್ಷರ ಚಿಕ್ಕದಾಗೇ ಬರ್ತಿದೆ. ಯಾಕೆ?

ಹೊಸಬರು ಮೊದಲ ದಿನವೇ ಎಡವುವುದು ಇಲ್ಲಿ. ಎಷ್ಟೋ ಜನ ಇದೊಂದಕ್ಕೇ ಬೇಸತ್ತು ಬಿಟ್ಟುಬಿಟ್ಟಿದ್ದಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲಿಬ್ರೆಆಫೀಸ್ ಪ್ರತಿ ಅಕ್ಷರವನ್ನೂ ಗುಂಪು ಮಾಡಿ ನೋಡುತ್ತದೆ. ಇಂಗ್ಲಿಷ್ ಒಂದು ಗುಂಪು, ಅದಕ್ಕೆ ವೆಸ್ಟರ್ನ್ ಅನ್ನುತ್ತದೆ. ಕನ್ನಡ, ಹಿಂದಿ, ತಮಿಳು, ಅರಬಿ ಮುಂತಾದವು ಇನ್ನೊಂದು, ಅದಕ್ಕೆ ಕಾಂಪ್ಲೆಕ್ಸ್ ಅನ್ನುತ್ತದೆ. ಎರಡಕ್ಕೂ ಫಾಂಟ್ ಬೇರೆ, ಸೈಜ್ ಬೇರೆ, ದಪ್ಪ ಮಾಡುವುದೂ ಬೇರೆ. ಖಾಲಿ ಹಾಳೆಯಲ್ಲಿ ಕೀಲಿಮಣೆ ಇಂಗ್ಲಿಷಿನಲ್ಲಿರುವಾಗ 16 ಅಂತ ಆರಿಸಿದರೆ ಅದು ಇಂಗ್ಲಿಷಿಗೆ ಮಾತ್ರ ಹೋಗಿ ಸೇರಬಹುದು. ಆಮೇಲೆ ಕನ್ನಡ ಟೈಪ್ ಮಾಡಿದರೆ ಹಳೇ 12ರಲ್ಲೇ ಬರುತ್ತದೆ.

ಮೊದಲು ಒಂದು ಸಲ ಹೀಗೆ ಮಾಡಿ. ಟೂಲ್ಸ್ ಮೆನುವಿನಲ್ಲಿ ಆಪ್ಷನ್ಸ್ ತೆರೆಯಿರಿ. ಭಾಷೆಗಳ ಭಾಗಕ್ಕೆ ಹೋಗಿ. ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನೋ ಸಾಲಿನಲ್ಲಿ ಕನ್ನಡ ಆರಿಸಿ. ಆಮೇಲೆ ಅದೇ ಆಪ್ಷನ್ಸ್‌ನಲ್ಲಿ ರೈಟರ್ ಭಾಗದೊಳಗೆ ಬೇಸಿಕ್ ಫಾಂಟ್ಸ್ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ನ ಚಿಕ್ಕ ಹೆಸರು) ಅಂತ ಕಾಣುತ್ತದೆ. ಅಲ್ಲಿ ನಿಮ್ಮ ಕನ್ನಡ ಫಾಂಟ್ ಮತ್ತು ಸೈಜ್ ಕೊಡಿ. ಇನ್ನು ಮೇಲೆ ತೆರೆಯುವ ಪ್ರತಿ ಹೊಸ ಹಾಳೆಯೂ ಸರಿಯಾಗಿ ಬರುತ್ತದೆ.

ಇದು ಕಿರಿಕಿರಿ ಅನ್ನಿಸಬಹುದು. ಆದರೆ ಕನ್ನಡ, ಇಂಗ್ಲಿಷ್ ಬೆರೆಸಿ ಬರೆಯುವ ನಮಗೆ ಇದೇ ದೊಡ್ಡ ಅನುಕೂಲ. ಕನ್ನಡಕ್ಕೆ ನೋಟೋ ಸೆರಿಫ್ 13, ಇಂಗ್ಲಿಷಿಗೆ ಲಿಬರೇಶನ್ ಸೆರಿಫ್ 12 ಅಂತ ಒಂದು ಸಲ ಸ್ಟೈಲ್‌ನಲ್ಲಿ, ಅಂದರೆ ಹೆಸರಿಟ್ಟು ಉಳಿಸಿದ ಅಕ್ಷರ ವಿನ್ಯಾಸದಲ್ಲಿ, ಹಾಕಿಟ್ಟರೆ ಸಾಕು. ಒಂದೇ ಸಾಲಿನಲ್ಲಿ ಎರಡೂ ಭಾಷೆ ಬಂದರೂ ಅದದರ ಫಾಂಟ್ ತಾನಾಗಿ ಹಿಡಿಯುತ್ತದೆ. ಒಂದೊಂದು ಇಂಗ್ಲಿಷ್ ಪದವನ್ನೂ ಹುಡುಕಿ ಹುಡುಕಿ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸುವ ಕೆಲಸ ನಿಂತುಹೋಯಿತು.

ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹಳೇ ಫೈಲ್ ತೆರೆದರೆ ಏನೇನೋ ಗುರುತು ಬರ್ತಿದೆ. ಫೈಲ್ ಹಾಳಾಯ್ತಾ?

ಹಾಳಾಗಿಲ್ಲ. ಗಾಬರಿ ಬೇಡ, ಮುಖ್ಯವಾಗಿ ಅದರ ಮೇಲೆ ಸೇವ್ ಮಾಡಬೇಡಿ.

ನಿವೃತ್ತ ಮೇಷ್ಟ್ರೊಬ್ಬರು ಹೋದ ವರ್ಷ ಒಂದು ಸಿಡಿ ಹಿಡಿದುಕೊಂಡು ಬಂದಿದ್ದರು. ತಮ್ಮ ಊರಿನ ಇತಿಹಾಸ, 140 ಪುಟ, 2006ರಲ್ಲಿ ಟೈಪ್ ಮಾಡಿಸಿದ್ದು. ತೆರೆದರೆ ಒಂದೂ ಕನ್ನಡ ಅಕ್ಷರ ಇಲ್ಲ. ತಲೆ ಮೇಲೆ ಚುಕ್ಕಿ, ಗೀಟು ಇರುವ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ಡಿಗ್ರಿ ಗುರುತು. ಮೇಷ್ಟ್ರು ಕುರ್ಚಿ ಹಿಡಿದು ನಿಂತುಬಿಟ್ಟರು. "ಇಷ್ಟು ವರ್ಷ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೆ ಕಣಪ್ಪ" ಅಂದರು.

ಆದದ್ದು ಇಷ್ಟು. ಆ ಕಾಲದ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಫೈಲಿನೊಳಗೆ ಕನ್ನಡ ಅಂತ ಏನೂ ಇರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದ ಜಾಗಕ್ಕೆ ಫಾಂಟು ಕನ್ನಡದ ಚಿತ್ರವನ್ನು ತೋರಿಸುತ್ತಿತ್ತು. ಫಾಂಟು ಇಲ್ಲದ ಕಡೆ ಚಿತ್ರ ಹೋಗಿ ಒಳಗಿನ ಗುರುತು ಕಾಣುತ್ತದೆ. ಇದು ಲಿಬ್ರೆಆಫೀಸಿನ ತಪ್ಪಲ್ಲ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವರ್ಡ್ ತೆರೆದರೂ ಇದೇ ಆಗುತ್ತದೆ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಫಾಂಟ್ ಬದಲಾದರೂ ಕ ಅಕ್ಷರ ಕ ಆಗಿಯೇ ಇರುತ್ತದೆ.

ಪರಿಹಾರ ಎರಡು ಹಂತ. ಮೊದಲು ಆ ಹಳೇ ಫಾಂಟನ್ನು ಕಂಪ್ಯೂಟರಿಗೆ ಹಾಕಿ. ಹೆಸರು ಯಾವುದು ಅಂತ ಆ ಸಾಲಿನ ಮೇಲೆ ಕರ್ಸರ್ ಇಟ್ಟರೆ ಫಾಂಟ್ ಪೆಟ್ಟಿಗೆಯಲ್ಲಿ ಕಾಣುತ್ತದೆ. ಫಾಂಟ್ ಹಾಕಿ ಮತ್ತೆ ತೆರೆದರೆ ಕನ್ನಡ ಬರುತ್ತದೆ. ಆಗಲೇ ಒಂದು ಪಿಡಿಎಫ್ ಮಾಡಿಟ್ಟುಕೊಳ್ಳಿ, ಮುಂದೆ ತಾಳೆ ನೋಡಲು ಬೇಕು. ಎರಡನೆಯದು, ಯುನಿಕೋಡ್‌ಗೆ ಪರಿವರ್ತನೆ. ಇದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

ಪರಿವರ್ತಿಸಿದ ಮೇಲೆ ಕಣ್ಣಿಟ್ಟು ಓದಲೇಬೇಕು. ಅರ್ಕಾವತ್ತು ಇರುವ ಪದಗಳನ್ನು ನೋಡಿ: ಧರ್ಮ, ಕಾರ್ಯ, ಸೂರ್ಯ. ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ. ಮಧ್ಯದಲ್ಲಿ ನಿಜವಾದ ಇಂಗ್ಲಿಷ್ ಪದ ಇದ್ದರೆ ಅದೂ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತದೆ, ಯಾಕೆಂದರೆ ಒಳಗೆ ಎರಡೂ ಒಂದೇ ಥರದ ಗುರುತು. ಮೇಷ್ಟ್ರ ಪುಸ್ತಕದಲ್ಲಿ ಬ್ರಿಟಿಷ್ ಅಧಿಕಾರಿಗಳ ಹೆಸರೆಲ್ಲ ಹೀಗೆ ಆಗಿತ್ತು. ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಅವರೂ ನಾನೂ ಕೂತು ನಾಲ್ಕು ಸಂಜೆಯಲ್ಲಿ ಸರಿ ಮಾಡಿದೆವು. ಕೊನೆಯ ದಿನ ಹುಡುಕು ಪೆಟ್ಟಿಗೆಯಲ್ಲಿ ತಮ್ಮ ಊರಿನ ಕೆರೆಯ ಹೆಸರು ಬರೆದು, ಅದು ಬಂದ ಕಡೆಯೆಲ್ಲ ಒಂದೊಂದಾಗಿ ತೋರಿಸಿದಾಗ ಅವರು ಎಷ್ಟೋ ಹೊತ್ತು ಅದನ್ನೇ ಒತ್ತುತ್ತಾ ಕೂತಿದ್ದರು. ಹಳೇ ಫೈಲಿನಲ್ಲಿ ಹಾಗೆ ಹುಡುಕುವುದು ಆಗುತ್ತಲೇ ಇರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಫೈಲ್ ಇದ್ದರೆ ಈಗಲೇ ತೆಗೆದು ನೋಡಿ. ಸಿಡಿ ಓದುವ ಡ್ರೈವ್ ಸಿಗುವುದೇ ಕಷ್ಟವಾಗುತ್ತಿದೆ.

ನಾನು ಕಳಿಸಿದ ಫೈಲ್ ಬೇರೆಯವರ ವರ್ಡ್‌ನಲ್ಲಿ ತೆರೆಯುತ್ತಾ?

ತೆರೆಯುತ್ತದೆ. ಸೇವ್ ಆಸ್ ಕೊಟ್ಟು ಡಾಕ್‌ಎಕ್ಸ್ ಆರಿಸಿ. ಯಾವಾಗಲೂ ಹಾಗೇ ಬೇಕು ಅಂದರೆ ಆಪ್ಷನ್ಸ್‌ನ ಲೋಡ್ ಸೇವ್ ಭಾಗದಲ್ಲಿ ಒಂದು ಸಲ ಹೇಳಿಟ್ಟರೆ ಸಾಕು.

ಹೇಗಿತ್ತೋ ಹಾಗೇ ಕಾಣುತ್ತಾ ಅಂದರೆ, ಸಾದಾ ಪತ್ರ ಕಾಣುತ್ತದೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಚಿತ್ರದ ಸುತ್ತ ಅಕ್ಷರ, ಸ್ಮಾರ್ಟ್‌ಆರ್ಟ್ ಅನ್ನೋ ವರ್ಡ್‌ನ ಸಿದ್ಧ ನಕ್ಷೆ ಇರುವ ಫೈಲಿನಲ್ಲಿ ಆಚೀಚೆ ಆಗುತ್ತದೆ. ಸಾಲು ಜಾರುವುದಕ್ಕೆ ಬಹಳ ಸಲ ಫಾಂಟೇ ಕಾರಣ. ಕ್ಯಾಲಿಬ್ರಿ, ಕೇಂಬ್ರಿಯಾ ಮೈಕ್ರೋಸಾಫ್ಟ್‌ನ ಫಾಂಟುಗಳು, ಲಿನಕ್ಸ್‌ನಲ್ಲಿ ಇರುವುದಿಲ್ಲ. ಅವುಗಳ ಬದಲು ಲಿಬ್ರೆಆಫೀಸ್ ಕಾರ್ಲಿಟೋ, ಕ್ಯಾಲಡಿಯಾ ಬಳಸುತ್ತದೆ. ಅಕ್ಷರದ ರೂಪ ಸ್ವಲ್ಪ ಬೇರೆ, ಆದರೆ ಅಗಲ ಒಂದೇ ಅಳತೆ. ಹಾಗಾಗಿ ಸಾಲು ಮುರಿಯುವ ಜಾಗ ಬದಲಾಗುವುದಿಲ್ಲ. ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸೆರಿಫ್ ಇದೇ ರೀತಿ. ಕನ್ನಡ ಫಾಂಟಿಗೆ ಇಂಥ ಜೋಡಿ ಇಲ್ಲ. ತುಂಗಾದಲ್ಲಿ ಮಾಡಿದ ಪತ್ರ ನೋಟೋದಲ್ಲಿ ತೆರೆದರೆ ಪುಟವೇ ಹೆಚ್ಚು ಕಡಿಮೆ ಆಗಬಹುದು. ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಅನ್ನೋ ಕಡೆ ಹೋಗಿ, ಫಾಂಟನ್ನು ಫೈಲಿನೊಳಗೇ ಸೇರಿಸು ಅಂತ ಗುರುತು ಹಾಕಿದರೆ ಈ ಕಷ್ಟ ಕಡಿಮೆಯಾಗುತ್ತದೆ.

ಓದಲು, ಪ್ರಿಂಟ್ ತೆಗೆಯಲು ಮಾತ್ರ ಆದರೆ ಪಿಡಿಎಫ್ ಕಳಿಸಿ. ಟೂಲ್‌ಬಾರಿನಲ್ಲೇ ಗುಂಡಿ ಇದೆ. ಪಿಡಿಎಫ್ ಮಾಡುವಾಗ ಹೈಬ್ರಿಡ್ ಅನ್ನೋ ಆಯ್ಕೆ ಕೊಟ್ಟರೆ ಮೂಲ ಫೈಲ್ ಅದರೊಳಗೇ ಅಡಗಿರುತ್ತದೆ. ಎಲ್ಲರಿಗೂ ಅದು ಪಿಡಿಎಫ್, ಲಿಬ್ರೆಆಫೀಸ್ ಇರುವವರಿಗೆ ತಿದ್ದಬಹುದಾದ ಪತ್ರ. ನಮ್ಮ ಗಿರಾಕಿಗಳ ಬಯೋಡೇಟಾ ಎಲ್ಲ ನಾವು ಹೀಗೇ ಕೊಡುವುದು.

ನನ್ನ ಹತ್ತಿರ ಇಟ್ಟುಕೊಳ್ಳಲು ಯಾವ ಫಾರ್ಮ್ಯಾಟ್?

ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್. ಪತ್ರಕ್ಕೆ ಒಡಿಟಿ, ಲೆಕ್ಕಕ್ಕೆ ಒಡಿಎಸ್. 2006ರಿಂದ ಅಂತರರಾಷ್ಟ್ರೀಯ ಐಎಸ್‌ಒ ಮಾನಕ. ಯಾವ ಕಂಪನಿ ಬೇಕಾದರೂ ಇದನ್ನು ಓದುವ ಸಾಫ್ಟ್‌ವೇರ್ ಬರೆಯಬಹುದು, ವರ್ಡ್ ಕೂಡ ತೆರೆಯುತ್ತದೆ. ಮೇಷ್ಟ್ರ ಸಿಡಿ ನೋಡಿದ ಮೇಲೆ ನನಗೆ ಈ ವಿಷಯದಲ್ಲಿ ಹಟ ಜಾಸ್ತಿಯಾಗಿದೆ: ಜಮೀನಿನ ಕಾಗದ, ಸಂಘದ ನಡಾವಳಿ, ಬರೆದ ಕತೆ ಕವಿತೆ, ಇವನ್ನು ಇಪ್ಪತ್ತು ವರ್ಷದ ಮೇಲೂ ಯಾರ ಅಪ್ಪಣೆಯೂ ಇಲ್ಲದೆ ತೆರೆಯಲು ಬರಬೇಕು.

ಎಕ್ಸೆಲ್‌ನಲ್ಲಿ ಮಾಡೋದೆಲ್ಲ ಕ್ಯಾಲ್ಕ್‌ನಲ್ಲಿ ಆಗುತ್ತಾ?

ಅಂಗಡಿ ಲೆಕ್ಕ, ಸಂಬಳದ ಪಟ್ಟಿ, ಅಂಕಪಟ್ಟಿ, ಪಿವಟ್ ಟೇಬಲ್, ವಿಲುಕಪ್, ಇವೆಲ್ಲ ಆಗುತ್ತವೆ. ಎಕ್ಸ್‌ಲುಕಪ್, ಫಿಲ್ಟರ್, ಯುನಿಕ್ ಮುಂತಾದ ಹೊಸ ಸೂತ್ರಗಳು 24.8ರಲ್ಲಿ ಬಂದವು. ಸಾಲುಗಳು ಎಕ್ಸೆಲ್‌ನಷ್ಟೇ, 10,48,576. ಲಕ್ಷ, ಕೋಟಿಗೆ ಅಲ್ಪವಿರಾಮ ಬೀಳಬೇಕಾದರೆ ಸೆಲ್ ಫಾರ್ಮ್ಯಾಟಿನಲ್ಲಿ ಭಾಷೆಯನ್ನು ಇಂಗ್ಲಿಷ್ ಇಂಡಿಯಾ ಅಂತ ಮಾಡಿ.

ಕ್ಯಾಲ್ಕ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಸಿಎಸ್‌ವಿ ಫೈಲ್, ಅಂದರೆ ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಪಟ್ಟಿ, ತೆರೆಯುವ ರೀತಿ. ಹಾಲಿನ ಸಂಘದ ಕಾರ್ಯದರ್ಶಿಯೊಬ್ಬರು ಸದಸ್ಯರ ಪಟ್ಟಿ ತಂದಿದ್ದರು, ಹೆಸರು ಕನ್ನಡದಲ್ಲಿ, ಪಕ್ಕದಲ್ಲಿ ಬ್ಯಾಂಕ್ ಖಾತೆ ಸಂಖ್ಯೆ. ಅವರ ಕಂಪ್ಯೂಟರಿನಲ್ಲಿ ಎರಡು ಸಲ ಒತ್ತಿ ತೆರೆದಾಗ ಹೆಸರೆಲ್ಲ ಗುರುತುಗಳಾಗಿ, ಖಾತೆ ಸಂಖ್ಯೆಗಳ ಮುಂದಿನ ಸೊನ್ನೆ ಹಾರಿಹೋಗಿ, 16 ಅಂಕಿಯ ಸಂಖ್ಯೆಗಳ ಕೊನೆಯ ಅಂಕಿ ಸೊನ್ನೆ ಆಗಿತ್ತು. ದುಡ್ಡು ಹಾಕುವ ಪಟ್ಟಿ ಅದು, ಒಂದು ಅಂಕಿ ತಪ್ಪಿದರೂ ಯಾರದೋ ಹಾಲಿನ ದುಡ್ಡು ನಿಂತುಹೋಗುತ್ತದೆ. ಕ್ಯಾಲ್ಕ್ ಇಂಥ ಫೈಲನ್ನು ತೆರೆಯುವ ಮುಂಚೆ ಒಂದು ಕಿಟಕಿ ತೋರಿಸುತ್ತದೆ. ಮೇಲೆ ಕ್ಯಾರೆಕ್ಟರ್ ಸೆಟ್ ಅನ್ನೋ ಕಡೆ ಯುನಿಕೋಡ್ ಯುಟಿಎಫ್-8 ಆರಿಸಿದರೆ ಕೆಳಗಿನ ಮಾದರಿಯಲ್ಲೇ ಕನ್ನಡ ಹೆಸರು ಸರಿಯಾಗುವುದು ಕಾಣುತ್ತದೆ. ಖಾತೆ ಸಂಖ್ಯೆಯ ಕಾಲಂ ಮೇಲೆ ಒತ್ತಿ, ಅದರ ಬಗೆಯನ್ನು ಟೆಕ್ಸ್ಟ್ ಅಂತ ಮಾಡಿ. ಒಂದು ಅಂಕಿಯೂ ಅಲುಗುವುದಿಲ್ಲ. ಎಕ್ಸೆಲ್‌ನಲ್ಲೂ ಡೇಟಾ ಮೆನುವಿನ ಮೂಲಕ ಇದನ್ನು ಮಾಡಬಹುದು, ಆದರೆ ಗೊತ್ತಿದ್ದವರು ಮಾತ್ರ. ಕ್ಯಾಲ್ಕ್ ತಾನಾಗಿ ಕೇಳುತ್ತದೆ.

ಈಗ ಆಗದೇ ಇರುವುದು. ಎಕ್ಸೆಲ್‌ನ ವಿಬಿಎ ಮ್ಯಾಕ್ರೋಗಳು, ಅಂದರೆ ಕೆಲಸ ತಾನಾಗಿ ನಡೆಸಲು ಫೈಲಿನೊಳಗೆ ಬರೆದಿಟ್ಟ ಚಿಕ್ಕ ಪ್ರೋಗ್ರಾಂಗಳು, ಅರ್ಧಂಬರ್ಧ ನಡೆಯುತ್ತವೆ. ತೆರಿಗೆ ಕೆಲಸಕ್ಕೆ ಕೊಡುವ ಮ್ಯಾಕ್ರೋ ತುಂಬಿದ ಎಕ್ಸೆಲ್ ಯುಟಿಲಿಟಿಗಳನ್ನು ಇಲ್ಲಿ ತುಂಬಲು ಹೋಗಬೇಡಿ, ಎಂಎಸ್ ಎಕ್ಸೆಲ್ ಇರುವ ಕಡೆಯೇ ಮಾಡಿ. ಪವರ್ ಕ್ವೆರಿ, ಪವರ್ ಪಿವಟ್ ಅನ್ನೋ ಎಕ್ಸೆಲ್‌ನ ಡೇಟಾ ಸಾಧನಗಳು ಇಲ್ಲಿ ಇಲ್ಲ. ಅವುಗಳ ಮೇಲೇ ದಿನವಿಡೀ ಕೆಲಸ ಮಾಡುವ ಅಕೌಂಟೆಂಟ್‌ಗಳಿಗೆ ನಾನು ಲಿಬ್ರೆಆಫೀಸ್‌ಗೆ ಪೂರ್ತಿ ಬನ್ನಿ ಅಂತ ಹೇಳುವುದಿಲ್ಲ.

ಮೆನು ನೋಡಿದ್ರೆ ಹಳೇ ಕಾಲದ ಥರ ಇದೆ.

ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್ ಅಂತ ಇದೆ. ಅಲ್ಲಿ ಟ್ಯಾಬ್ಡ್ ಆರಿಸಿದರೆ ವರ್ಡ್‌ನ ರಿಬ್ಬನ್ ಥರವೇ ಆಗುತ್ತದೆ. ಮೆನುಗಳು ಕನ್ನಡದಲ್ಲೇ ಬೇಕಾದರೆ ಇನ್‌ಸ್ಟಾಲ್ ಮಾಡುವಾಗ ಕನ್ನಡವನ್ನೂ ಸೇರಿಸಿಕೊಳ್ಳಿ. ಅನುವಾದ ಪೂರ್ತಿ ಆಗಿಲ್ಲ, ಅಲ್ಲಲ್ಲಿ ಇಂಗ್ಲಿಷ್ ಉಳಿದಿದೆ.

ಕನ್ನಡದ ಕಾಗುಣಿತ ತಪ್ಪು ಹಿಡಿಯುತ್ತಾ?

ಇಂಗ್ಲಿಷಿನಲ್ಲಿ ಹಿಡಿದಷ್ಟು ಹಿಡಿಯುವುದಿಲ್ಲ. ನಮ್ಮ ಭಾಷೆಯ ಸ್ವಭಾವವೇ ಬೇರೆ. ಮನೆ ಅನ್ನೋ ಒಂದು ಪದ ಮನೆಯಲ್ಲಿ, ಮನೆಯಿಂದಲೂ, ಮನೆಗಳಿಗೆಲ್ಲ ಅಂತ ಬೆಳೆಯುತ್ತಾ ಹೋಗುತ್ತದೆ. ಸಂಧಿ ಬೇರೆ ಸೇರಿಕೊಳ್ಳುತ್ತದೆ. ಪದಗಳ ಪಟ್ಟಿ ಇಟ್ಟುಕೊಂಡು ಇದನ್ನೆಲ್ಲ ಹಿಡಿಯುವುದು ಕಷ್ಟ. ನಾವು ಆಟೋಕರೆಕ್ಟ್‌ನಲ್ಲಿ ನಮ್ಮದೇ ಪಟ್ಟಿ ಮಾಡಿಕೊಂಡಿದ್ದೇವೆ. ಬೆರಳು ಪದೇ ಪದೇ ತಪ್ಪುವ ಸುಮಾರು 60 ಪದ ಅದರಲ್ಲಿದೆ. ಅರ್ಜಿಗಳಲ್ಲಿ ಬರುವ ಉದ್ದ ಸಾಲುಗಳಿಗೆ ಆಟೋಟೆಕ್ಸ್ಟ್ ಇದೆ, ಎರಡಕ್ಷರ ಬರೆದು ಎಫ್3 ಒತ್ತಿದರೆ ಪೂರ್ತಿ ಸಾಲು ಬರುತ್ತದೆ.

ಮೊಬೈಲ್‌ನಲ್ಲಿ? ನಾಲ್ಕು ಜನ ಒಟ್ಟಿಗೆ ತಿದ್ದೋಕೆ?

ಮೊಬೈಲಿಗೆ ಕೊಲಾಬೊರಾ ಆಫೀಸ್ ಹಾಕಿಕೊಳ್ಳಿ, ಲಿಬ್ರೆಆಫೀಸಿನ ಕೋಡ್ ಮೇಲೆಯೇ ಕಟ್ಟಿದ್ದು. ಒಂದೇ ಪತ್ರವನ್ನು ಹಲವರು ಒಟ್ಟಿಗೆ ತಿದ್ದುವ ಕೆಲಸ ಕಂಪ್ಯೂಟರಿಗೆ ಹಾಕಿಕೊಳ್ಳುವ ಲಿಬ್ರೆಆಫೀಸಿನಲ್ಲಿ ಇಲ್ಲ. ಅದಕ್ಕೆ ಗೂಗಲ್ ಡಾಕ್ಸ್ ಬಳಸುವುದೇ ಸುಲಭ. ಎಲ್ಲವೂ ಒಂದರಲ್ಲೇ ಆಗಬೇಕು ಅಂತೇನಿಲ್ಲ, ಅಲ್ವಾ?

ದೊಡ್ಡ ಕಚೇರಿಗಳು, ಶಾಲೆಗಳು ಇದನ್ನ ಬಳಸ್ತಾರಾ?

ಪಕ್ಕದ ಕೇರಳ ನೋಡಿ. ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಮುಕ್ತ ಸಾಫ್ಟ್‌ವೇರಿನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರ ತನ್ನ ಸುಮಾರು 30,000 ಕಂಪ್ಯೂಟರುಗಳನ್ನು ಲಿಬ್ರೆಆಫೀಸ್‌ಗೆ ತರುವುದಾಗಿ 2024ರ ಏಪ್ರಿಲ್‌ನಲ್ಲಿ ಹೇಳಿತು. ಅದೇ ದೇಶದ ಮ್ಯೂನಿಕ್ ನಗರ ಲಿನಕ್ಸ್‌ಗೆ ಹೋಗಿ, 2017ರಲ್ಲಿ ವಿಂಡೋಸ್‌ಗೆ ವಾಪಸ್ ಬರಲು ತೀರ್ಮಾನಿಸಿದ್ದೂ ನಿಜ. ದೊಡ್ಡ ಕಚೇರಿಯಲ್ಲಿ ಬದಲಾವಣೆ ಅಂದರೆ ಸಾವಿರಾರು ಜನರ ಅಭ್ಯಾಸ. ಒಂದು ಮನೆ, ಒಂದು ಅಂಗಡಿ, ಒಂದು ಶಾಲೆಗೆ ಅಷ್ಟು ಕಷ್ಟ ಇಲ್ಲ.

ನಮ್ಮ ಶಾಲೆಗಳ ಟೀಚರುಗಳಿಗೆ ಒಂದು ಮಾತು. ಮಕ್ಕಳಿಗೆ ನೀವು ಕಲಿಸುವ ಸಾಫ್ಟ್‌ವೇರನ್ನು ಆ ಮಗು ಮನೆಗೆ ಹೋಗಿ ಹಾಕಿಕೊಳ್ಳಲು ಆಗಬೇಕು. ಆಗದಿದ್ದರೆ, ಸಾವಿರಾರು ರೂಪಾಯಿ ಕೊಡಲಾಗದ ಮನೆಯ ಮಗು ಕ್ರ್ಯಾಕ್ ಹುಡುಕುತ್ತದೆ, ಇಲ್ಲವೇ ಕಲಿಯುವುದನ್ನೇ ಬಿಡುತ್ತದೆ. ನನಗೆ ಇದು ದುಡ್ಡಿನ ಉಳಿತಾಯಕ್ಕಿಂತ ದೊಡ್ಡ ಕಾರಣ.

ಕನ್ನಡದಲ್ಲಿ ಕಲಿಯೋಕೆ ಏನಾದ್ರೂ ಇದೆಯಾ?

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿಬ್ರೆಆಫೀಸ್ ಪಾಠಗಳು ಕನ್ನಡದ ದನಿಯಲ್ಲಿ ಇವೆ. ಒಂದೊಂದೂ ಸುಮಾರು ಹತ್ತು ನಿಮಿಷ. ಪರದೆಯ ಅರ್ಧದಲ್ಲಿ ಪಾಠ, ಅರ್ಧದಲ್ಲಿ ರೈಟರ್ ತೆರೆದಿಟ್ಟುಕೊಂಡು ಅವರು ಮಾಡಿದ್ದನ್ನೇ ಮಾಡುತ್ತಾ ಹೋಗಿ. ಅಲ್ಲಿನ ಆವೃತ್ತಿ ಹಳೆಯದು, ಕೆಲವು ಗುಂಡಿಗಳ ಜಾಗ ಬದಲಾಗಿದೆ, ಆದರೆ ವಿಷಯ ಅದೇ. ಮೊದಲು ಸ್ಟೈಲ್ಸ್ ಕಲಿಯಿರಿ. ಎಫ್11 ಒತ್ತಿದರೆ ಅದರ ಪಟ್ಟಿ ತೆರೆಯುತ್ತದೆ. ತಲೆಬರಹಕ್ಕೆ ಹೆಡಿಂಗ್ ಸ್ಟೈಲ್ ಕೊಟ್ಟರೆ ಪರಿವಿಡಿ ತಾನಾಗಿ ತಯಾರಾಗುತ್ತದೆ.

ಏನಾದ್ರೂ ತಪ್ಪು ಕಂಡ್ರೆ ಯಾರಿಗೆ ಹೇಳೋದು?

ನೇರವಾಗಿ ಮಾಡುವವರಿಗೇ ಹೇಳಬಹುದು. ಹೆಲ್ಪ್ ಮೆನುವಿನಲ್ಲಿ ಅಭಿಪ್ರಾಯ ಕಳಿಸಲು ದಾರಿ ಇದೆ, ಅದು ಬಗ್‌ಜಿಲ್ಲಾ ಅನ್ನೋ ತಪ್ಪುಗಳ ಪಟ್ಟಿಗೆ ಕರೆದುಕೊಂಡು ಹೋಗುತ್ತದೆ. ಬರೆಯುವಾಗ ಯಾವ ಆವೃತ್ತಿ, ಯಾವ ಫಾಂಟ್, ಯಾವ ಪದ ಅಂತ ಸ್ಪಷ್ಟವಾಗಿ ಹೇಳಿ, ತಪ್ಪು ಕಾಣುವ ಚಿಕ್ಕದೊಂದು ಫೈಲ್ ಸೇರಿಸಿ. ಗಿರಾಕಿಗಳ ಖಾಸಗಿ ಪತ್ರ ಹಾಕಬೇಡಿ, ಅಲ್ಲಿ ಹಾಕಿದ್ದು ಎಲ್ಲರಿಗೂ ಕಾಣುತ್ತದೆ.

ಕನ್ನಡ ಮೆನುವಿನ ಅನುವಾದ ಮುಂದುವರಿಸಲೂ ಜನ ಬೇಕು. ವೆಬ್‌ಲೇಟ್ ಅನ್ನೋ ತಾಣದಲ್ಲಿ ಆ ಕೆಲಸ ನಡೆಯುತ್ತದೆ, ಕೋಡ್ ಬರೆಯಲು ಬರಬೇಕಾಗಿಲ್ಲ. ಎಡಗಡೆ ಇಂಗ್ಲಿಷ್ ಸಾಲು, ಪಕ್ಕದ ಖಾಲಿ ಪೆಟ್ಟಿಗೆಯಲ್ಲಿ ನೀವು ಬರೆಯುವ ಕನ್ನಡ. ದಿನಕ್ಕೆ ಐದು ಸಾಲು ಮಾಡಿದರೂ ಆಯಿತು.